ಕಿವಿಗಿಟ್ಟ ಸ್ಕ್ರೂಡ್ರೈವರ್

ಬೇರಿಂಗ್ ಸವೆದಿದೆಯೇ ಎಂದು ತಿಳಿಯಲು ನಮ್ಮ ಗ್ಯಾರೇಜಿನಲ್ಲಿ ಒಂದೇ ದಾರಿ. ಸಾಮಾನು ಸಾಗಿಸುವ ಲೋಡರ್ ಗಾಡಿಯನ್ನು ಜಾಕ್ ಕೊಟ್ಟು ಎತ್ತಿ ಚಕ್ರ ತಿರುಗಿಸಬೇಕು. ಅಪ್ಪ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಆಕ್ಸಲಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕೇಳಬೇಕು. ಅವರು ಹೇಳಿದ ಮೇಲೆ ಮುಗಿಯಿತು, ಗಿರಾಕಿಯ ಎದುರು ಯಾರೂ ತುಟಿ ಪಿಟಕ್ಕೆನ್ನುವಂತಿಲ್ಲ.

ಆವತ್ತು ಅಪ್ಪ, "ಬಲಗಡೆ ಹಿಂದಿನ ಚಕ್ರದ್ದು ಹೋಗಿದೆ, ಬಿಚ್ಚು ಮಗಳೇ," ಎಂದರು.

ನಾನಾಗಲೇ ಚಕ್ರಗಳನ್ನು ಕೈಯಲ್ಲಿ ಅಲ್ಲಾಡಿಸಿ ನೋಡಿದ್ದೆ. ಸಡಿಲವಾಗಿದ್ದದ್ದು ಎಡಗಡೆಯದು. ತಿರುಗುವಾಗ ಅದರ ಗರಗರ ಸದ್ದು ಬೀದಿಗೆಲ್ಲ ಕೇಳಿತ್ತು. ಗಾಡಿಯ ಡ್ರೈವರ್ ನನ್ನ ಮುಖ ನೋಡಿದ. ನಾನು ಹಲ್ಲು ಕಚ್ಚಿಕೊಂಡು ಬಲಗಡೆಯದನ್ನೇ ಬಿಚ್ಚಿದೆ.

ಬೇರಿಂಗ್ ಹೊಸದರಂತೆ ಹೊಳೆಯುತ್ತಾ ಹೊರಬಂತು.

ಡ್ರೈವರನ್ನು ಟೀ ಕುಡಿಯಲು ಅಟ್ಟಿ, ಎಡಗಡೆಯದನ್ನೂ ಬಿಚ್ಚಿ ಅಪ್ಪನ ಅಂಗೈಗೆ ಹಾಕಿದೆ. ಅದರ ಉರುಳೆಗಳೆಲ್ಲ ಕಪ್ಪಾಗಿ ತಿಂದುಹೋಗಿದ್ದವು. ಅಪ್ಪ ಅದನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿದರು. ಮತ್ತೆ ತಿರುಗಿಸಿದರು.

"ನನ್ನ ಕಿವಿ ಯಾವಾಗಿಂದ ಹೀಗೆ?"

"ಒಂದು ವರ್ಷ ಆಯ್ತಪ್ಪ," ಎಂದು ಜೋರಾಗಿ ಹೇಳಿದೆ. "ಹೇಳೋಕೆ ಬಂದ್ರೆ ಎಗರಾಡ್ತಿದ್ರಿ."

ಅಪ್ಪ ಬೆರಳು ಮಡಿಸಿ ತಿಂಗಳು ಎಣಿಸಿದರು. ಅಮ್ಮ ಒಳಕೋಣೆಯಲ್ಲಿ ಒಬ್ಬಳೇ ಪ್ರಾಣ ಬಿಟ್ಟು ಎಂಟು ತಿಂಗಳಾಗಿತ್ತು. ಅಪ್ಪ ಗೋಡೆಯಾಚೆಗೇ ಕೂತಿದ್ದರು. ಅಮ್ಮನ ಕೂಗು ತಮಗೂ ಕೇಳಿಸಿತ್ತೆಂದು ಪಕ್ಕದ ಮನೆಯವರು ಆಮೇಲೆ ನನಗೊಬ್ಬಳಿಗೇ ಹೇಳಿದ್ದರು.

"ಆವತ್ತು ನಿಮ್ಮಮ್ಮ ನನ್ನ ಕೂಗಿದ್ಳಾ?"

"ಇಲ್ಲಪ್ಪ," ಎಂದೆ.

"ಆಂ?"

ಆ ಸುಳ್ಳನ್ನು ಎರಡನೇ ಸಲ ಕಿರುಚಿ ಹೇಳಬೇಕಾಯಿತು.