ಎರಡು ನೀರುಗಳ ನಡುವಿನ ಹೊಸ್ತಿಲು

ಆ ಬೆಳಿಗ್ಗೆ ಮೋಡ ಕವಿದಿತ್ತು, ಗಾಳಿ ಇರಲಿಲ್ಲ. ಪತ್ತಾರ ಮೌನೇಶಪ್ಪನ ತಗಡಿನ ಶೆಡ್ಡಿನಲ್ಲಿ ಊದಿನಕಡ್ಡಿಯ ಹೊಗೆ ಅಲುಗದೆ ನಿಂತಿತ್ತು. ಅಂಥ ಹೊತ್ತಿನಲ್ಲಿ ನಾನು ಹುಟ್ಟಿದೆ.

ನಾನು ಒಂದು ಪೊರೆ. ಬಟ್ಟೆಯದಲ್ಲ, ತೊಗಲಿನದಲ್ಲ, ದ್ರವದ ಪೊರೆ. ನನ್ನ ಮೈ ಸೀಮೆಎಣ್ಣೆ. ಮೌನೇಶಪ್ಪನ ಮಗಳು ಕಮಲಾಕ್ಷಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಲೋಹವನ್ನು ಕೈಹಿಡಿದು ದಾಟಿಸುವ ಔಷಧವೊಂದನ್ನು ಎಣ್ಣೆಗೆ ಬೆರೆಸಿ, ಆಮ್ಲದ ನೀರು ಹನಿಸುತ್ತ, ಮಜ್ಜಿಗೆ ಕಡೆದಂತೆ ಕಡೆದಳು. ಸಾವಿರಾರು ಹನಿಗಳು ನನ್ನ ಹೊಟ್ಟೆಯಲ್ಲಿ ಕೂತವು. ನಾನು ಹಾಲಿನಂತೆ ಬೆಳ್ಳಗಾದೆ.

ನನ್ನಿಂದ ಆಗಬೇಕಾದದ್ದು ಒಂದೇ ಕೆಲಸ. ಮೌನೇಶಪ್ಪ ನೀರಿನ ನಲ್ಲಿಗಳಿಗೆ, ಪೂಜೆಯ ದೀಪದ ಕಂಬಗಳಿಗೆ ನಿಕ್ಕಲ್ ಲೇಪ ಹಾಕುವವನು. ಲೇಪದ ಸಾಮಾನು ತೊಳೆಯುವ ನೀರನ್ನು ಪಕ್ಕದ ಫಕೀರವ್ವನ ಬಾವಿಯಿಂದ ಸೇದುತ್ತಿದ್ದ. ಸೇದಿದ ನೀರು ತಿರುಗಿ ಅವಳ ಮೆಂತೆಪಲ್ಯದ ಮಡಿಗೆ ಹರಿಯಬೇಕೆಂಬುದು ಹಿರಿಯರ ಕಾಲದ ಮಾತು. ನೀರೇನೋ ಹರಿಯಿತು. ಅದರೊಂದಿಗೆ ನಿಕ್ಕಲ್ ಕೂಡ ಹರಿಯಿತು.

ಫಕೀರವ್ವ ಬಂದು ಬಾಗಿಲಲ್ಲೇ ನಿಂತಿದ್ದಳಂತೆ. "ಪತ್ತಾರಪ್ಪ, ನಿನ್ನ ದೀಪ ಭಾಳ ಹೊಳೀತಾವ. ನನ್ನ ಪಲ್ಯಕ್ಕ ಕಾಮಣಿ ಆಗೇತಿ, ಎಲಿ ಎಲ್ಲಾ ಹಳದಿ ಬಿದ್ದಾವ," ಎಂದಳಂತೆ. ಒಯ್ದಷ್ಟೇ ಚೊಕ್ಕವಾಗಿ ನೀರು ತಿರುಗಿ ಬರುವ ತನಕ ಹಗ್ಗ ತನ್ನ ಹತ್ತಿರವೇ ಇರಲಿ ಎಂದು ಬಾವಿಯ ರಾಟೆಯಿಂದ ಅವನ ಹಗ್ಗ ಬಿಚ್ಚಿಕೊಂಡು ಹೋದಳು. ಅಂದಿನಿಂದ ಶೆಡ್ಡು ಸುಮ್ಮನಾಗಿತ್ತು. ತೊಟ್ಟಿಯಲ್ಲಿ ನಿಕ್ಕಲ್ ಬೆರೆತ ಹಸಿರು ನೀರು ನಿಂತಿತ್ತು.

ಆ ಹಸಿರು ನೀರನ್ನು ಪೀಪಾಯಿಗೆ ತುಂಬಿ, ನನ್ನನ್ನು ಅದಕ್ಕೆ ಸುರಿದರು. ಹೊರಗೆ ಮಲಿನ ನೀರು, ಒಳಗೆ ಆಮ್ಲದ ಹನಿ, ನಡುವೆ ನಾನು. ನಿಕ್ಕಲ್ ನನ್ನನ್ನು ದಾಟಿ ಒಳಗೆ ಬಂತು. ಒಳಗೆ ಬಂದದ್ದು ನಾನು ಒಡೆಯದಿದ್ದರೆ ಹೊರಗೆ ಹೋಗದು. ಬೇಗ ತಿರುವಿದರೆ ಒಡೆಯುತ್ತೇನೆ, ತೀರ ನಿಧಾನವಾದರೆ ನೀರಿಗೆ ತಾಗುವುದೇ ಇಲ್ಲ. ಕಮಲಾಕ್ಷಿ ಹದ ನೋಡುತ್ತ ತಿರುವುತ್ತಿದ್ದಳು. ಹಸಿರು ತೆಳುವಾಯಿತು.

ಇದ್ದಕ್ಕಿದ್ದಂತೆ ಪೀಪಾಯಿಯ ಗೋಡೆಯಿಂದ ಏನೋ ಜಾರುಜಾರಾದದ್ದು ಬಂದು ನನಗೆ ತಗುಲಿತು. ಮೈಯೆಲ್ಲ ಬಿರಿಯಿತು. ಹಿಡಿದದ್ದನ್ನೆಲ್ಲ ಬಿಟ್ಟುಬಿಟ್ಟೆ.

ಕಮಲಾಕ್ಷಿ ಒಂದಿಷ್ಟು ನೀರು ತೆಗೆದು ಪರೀಕ್ಷೆಯ ಹನಿ ಬಿಟ್ಟಳು. ನಿಕ್ಕಲ್ ಇದ್ದರೆ ಗುಲಾಬಿ ಕೆಂಪಾಗಬೇಕು. ಗುಲಾಬಿ ಕೆಂಪಾಯಿತು. ನೊರೆ ಮೂಸಿ ನೋಡಿ, "ಅಪ್ಪಾ, ಪೀಪಾಯಿಗೆ ಏನರೆ ಹಚ್ಚಿದ್ದಿ?" ಎಂದು ಮೆಲ್ಲಗೆ ಕೇಳಿದಳು.

"ಅಂಟವಾಳದ ನೀರಿಲೆ ತಿಕ್ಕೇನಿ. ಮಡಿ ಇಲ್ಲದ ಪಾತ್ರ್ಯಾಗ ಕೆಲಸಾ ಹೆಂಗ ಸುರು ಮಾಡ್ಲಿ, ಮಗಳ?"

ಒಡವೆ ತೊಳೆಯುವ ಅಕ್ಕಸಾಲಿಗನ ಕೈ ಅದು. ಅವನ ಅಪ್ಪನೂ ಅಜ್ಜನೂ ಹಾಗೆಯೇ ತೊಳೆದವರು. ಆ ನೊರೆ ಎಣ್ಣೆಯನ್ನೂ ನೀರನ್ನೂ ತನ್ನಿಚ್ಛೆಯಂತೆ ಕಲೆಸುತ್ತದೆ. ಅದರ ಮುಂದೆ ನನ್ನ ಆಟ ನಡೆಯದು. ಮೌನೇಶಪ್ಪ ಮಳೆನೀರು ಹಿಡಿದಿಟ್ಟಿದ್ದ ಹಂಡೆಯನ್ನು ತಂದು, ಜಾರು ಹೋಗುವ ತನಕ ಪೀಪಾಯಿ ತೊಳೆದು, ತೊಟ್ಟಿಯ ಹಸಿರು ನೀರನ್ನು ಮತ್ತೆ ತುಂಬಿದ. ಡಬ್ಬಿಯಲ್ಲಿ ಎಣ್ಣೆ ಇನ್ನೊಂದೇ ಸಲಕ್ಕೆ ಆಗುವಷ್ಟಿತ್ತು. ಅದರಿಂದ ನಾನು ಮತ್ತೆ ಹುಟ್ಟಿದೆ.

ಈ ಸಲ ತಿರುವಿದ್ದು ಅವನೇ. ತುಟಿಯಲ್ಲಿ ಶಿವನಾಮ, ಆ ಲಯಕ್ಕೆ ಕೈ ತಿರುಗುತ್ತಿತ್ತು. ಎಷ್ಟು ನಿಧಾನ ಬೇಕೋ ಅಷ್ಟೇ. ಬಾಗಿಲಲ್ಲಿ ಫಕೀರವ್ವನ ನೆರಳು ಬಿದ್ದದ್ದನ್ನು ಅವನು ನೋಡಲಿಲ್ಲ. ಕೈ ನಿಂತಾಗ ನಾನು ಹೊಟ್ಟೆತುಂಬಿದವನಂತೆ ಮೇಲೆ ತೇಲಿದೆ. ಕೆಳಗಿನ ನೀರಿಗೆ ಹನಿ ಬಿತ್ತು. ಫಕೀರವ್ವನೂ ಹತ್ತಿರ ಬಂದಳು, ಮೂವರೂ ಬಗ್ಗಿ ನೋಡಿದರು. ಬಣ್ಣ ಬರಲಿಲ್ಲ.

ನನ್ನನ್ನು ಕಾಯಿಸಿ ಒಡೆದು, ಹೊಟ್ಟೆಯ ನಿಕ್ಕಲ್ ತೆಗೆದಿಟ್ಟು, ಮತ್ತೆ ಕಡೆದರು. ಹೀಗೆ ಎಷ್ಟೋ ಸಲ ಹುಟ್ಟಿದೆ. ನೀರಿನ ಹುಳಿಯನ್ನು ಸುಣ್ಣದಿಂದ ಕಳೆದು, ನನ್ನ ವಾಸನೆ ಹೋಗುವಂತೆ ಇದ್ದಲಿನಲ್ಲಿ ಸೋಸಿ, ಮೌನೇಶಪ್ಪ ಕೊಡ ಕೊಡವಾಗಿ ಮೆಂತೆಯ ಮಡಿಗೆ ಹೊತ್ತ. ಫಕೀರವ್ವ ಹಳೆಯ ಮಣ್ಣು ಎತ್ತಿಸಿ, ಹೊಸ ಬೀಜ ಚೆಲ್ಲಿ, ಎಲೆ ಏನು ಹೇಳುತ್ತದೋ ಎಂದು ಕಾದಳು.

ಈಗ ನಾನು ಮುದಿ ಎಣ್ಣೆ. ಔಷಧ ಸವೆದಿದೆ, ಗೋಡೆಯ ಗೂಡಿನಲ್ಲಿ ಒಂದು ಸೀಸೆಯೊಳಗೆ ಇದ್ದೇನೆ. ಇಷ್ಟು ಲೋಹ ನನ್ನೊಳಗೆ ಹಾದುಹೋಯಿತು, ನನ್ನದೆಂದು ಏನೂ ಉಳಿಯಲಿಲ್ಲ. ದೇವರು ಕೆಲವರನ್ನು ದಾಟಿಸುವುದಕ್ಕೆಂದೇ ಮಾಡುತ್ತಾನೇನೋ.

ಇಂದು ಬೆಳಿಗ್ಗೆ ಮೌನೇಶಪ್ಪ ದೀಪ ಹಚ್ಚುತ್ತಿದ್ದ, ಬೆನ್ನು ಬಾಗಿಲಿಗಿತ್ತು. ಫಕೀರವ್ವ ಒಳಗೆ ಬರಲಿಲ್ಲ. ಹಸಿರು ಮೆಂತೆಯ ಒಂದು ಸಿವುಡು, ಅದರ ಪಕ್ಕದಲ್ಲಿ ಸುತ್ತಿದ ಹಗ್ಗ, ಎರಡನ್ನೂ ಹೊಸ್ತಿಲ ಮೇಲಿಟ್ಟು ಸದ್ದಿಲ್ಲದೆ ಹೋದಳು.