ಲಾಳಕ್ಕೆ ತಕ್ಕಂತೆ ಉಜ್ಜಿದ ಗೊರಸು

ಆಗಸ್ಟ್ ತಿಂಗಳ ಕೊನೆ, ನಮ್ಮ ಕಡೆ ಚಳಿಗಾಲ ಮುಗಿಯುವ ಹೊತ್ತು. ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ, ಬಿಸಿಲು ಆಗಷ್ಟೇ ದೊಡ್ಡಿಯ ಬೇಲಿ ಹತ್ತಿತ್ತು. ನಾನು ಟೀಗೆ ನೀರಿಟ್ಟಿದ್ದೆ. ಆ ಹೊತ್ತಿಗೆ ಬ್ರಯನಿಯ ಗಾಡಿ ಬಂತು. ಕುದುರೆ ಡಾಕ್ಟರಿಕೆ ಓದಿದ ಹುಡುಗಿ, ಕಾಡುಕುದುರೆಗಳ ಗೊರಸು ಅಳೆಯುವುದಕ್ಕೆ ಆಲಿಸ್ ಪಟ್ಟಣದಾಚೆಯ ನಮ್ಮ ದನದ ಸ್ಟೇಷನ್ನಿಗೆ, ಅಂದರೆ ಸಾವಿರಾರು ದನ ಮೇಯಿಸುವ ಬಯಲಿಗೆ, ಬಂದವಳು. ಗೊರಸಿನಲ್ಲಿ ಅಳೆಯುವುದಕ್ಕೇನಿದೆ ಅಂತ ನಾನು ನಕ್ಕೆ. ಇಲ್ಲಿ ಐವತ್ತು ವರ್ಷ ಲಾಳ ಹೊಡೆದವನು ನಾನು. ಈಗ ಕೈ ನಡುಗುತ್ತದೆ ಅಂತ ಸುಮ್ಮನೆ ಕೂತಿದ್ದೇನೆ, ಅಷ್ಟೆ.

"ಮರ್ವ್ ಅಜ್ಜ, ಸ್ವಲ್ಪ ಕಾಲು ಹಿಡೀತೀರಾ?" ಅಂದಳು.

"ಯಾರದಮ್ಮಾ, ನಿಂದಾ?"

"ಕುದುರೇದು ಅಜ್ಜ. ನನ್ನ ಕಾಲು ಹಿಡಿಯೋಕೆ ನೀವೇನು ತಪ್ಪು ಮಾಡಿದೀರಿ?"

ಮತ್ತಿನ ಸೂಜಿ ಕೊಟ್ಟು ಮಲಗಿಸಿದ ಕುದುರೆಗಳ ಕಾಲುಗಳನ್ನು ಒಂದೊಂದಾಗಿ ಹಿಡಿದೆ. ಅವಳು ಅಳೆದಳು, ಬರೆದಳು. ಮರಳುಗಾಡಿನವಕ್ಕೆ ಗೊರಸು ಉದ್ದ, ಅಂಚು ಸೀಳಿ ಹೊರಗೆ ಚಾಚಿಕೊಂಡಿತ್ತು. ಕಲ್ಲುಗುಡ್ಡದವಕ್ಕೆ ಗಿಡ್ಡ, ತುದಿ ದುಂಡಗೆ, ಅಂಗಾಲು ದಪ್ಪ.

"ಜಾತಿ ಒಂದೇ ಅಜ್ಜ. ನೆಲ ಬೇರೆ, ಅದಕ್ಕೇ ಗೊರಸೂ ಬೇರೆ."

"ಇದಕ್ಕೆ ಇಷ್ಟು ಓದಬೇಕಿತ್ತಾ? ಅಂಬ್ರೋಸ್ ಶಾಲೆ ಮೆಟ್ಟಿಲು ಹತ್ತದೇ ಹೇಳಿದ್ದ."

ಹೆಸರು ಬಾಯಿಂದ ಬಿದ್ದುಹೋಯಿತು. "ಅಂಬ್ರೋಸ್ ಯಾರು?" ಅಂದಳು. ನಾನು ಟೀ ಆರಿಹೋಯ್ತು ಅಂದೆ.

ಮೂರನೆಯ ದಿನ ಅವಳು ನನ್ನ ಗುಡಿಸಲಿಗೆ ಬಂದಾಗ ಬಾಗಿಲು ಬಡಿದುಕೊಳ್ಳದಂತೆ ಅಡ್ಡ ಇಟ್ಟಿದ್ದ ಗೊರಸು ಕಣ್ಣಿಗೆ ಬಿತ್ತು. ನಮ್ಮಲ್ಲಿ ಇಷ್ಟದ ಕುದುರೆ ಸತ್ತರೆ ಒಂದು ಗೊರಸು ಇಟ್ಟುಕೊಳ್ಳುತ್ತೇವೆ. ಇದು ಕ್ವಾಂಡಾಂಗ್ ಅನ್ನುವ ಹೆಣ್ಣುಕುದುರೆಯದು. ಕ್ವಾಂಡಾಂಗ್ ಅಂದರೆ ಇಲ್ಲಿಯ ಒಂದು ಕಾಡುಹಣ್ಣು. ಅದರ ಕೆಂಪು ಅವಳ ಮೈಗಿತ್ತು, ಅದಕ್ಕೇ ಆ ಹೆಸರು. ಮುಂದಿನ ಎಡಗಾಲು. ಇರುವೆ ಗೂಡಿನ ಮೇಲಿಟ್ಟು ಮಾಂಸ ತಿನ್ನಿಸಿ, ಒಣಗಿಸಿ, ಎಣ್ಣೆ ಉಜ್ಜಿದ್ದೆ. ಒಳಗಿನ ಎಲುಬು ಹಾಗೇ ಇತ್ತು. ನನ್ನ ಲಾಳವೂ ಹಾಗೇ ಇತ್ತು.

"ಇದನ್ನ ಕೊಯ್ದು ನೋಡ್ಲಾ?"

ನಾನು ಹೂಂ ಅಂದೆ. ನನ್ನ ಕೈಕೆಲಸ ಎಷ್ಟು ಅಚ್ಚುಕಟ್ಟು ಅಂತ ಓದಿದವಳೂ ನೋಡಲಿ ಅನ್ನುವ ಜಂಬ.

ಕ್ವಾಂಡಾಂಗನ್ನು ಕಲ್ಲುಗುಡ್ಡದಿಂದ ಹಿಡಿದು ತಂದು ಪಳಗಿಸಿದವನು ಅಂಬ್ರೋಸ್. ಆ ಗುಡ್ಡಗಳಲ್ಲೇ ಹುಟ್ಟಿದವನು, ಇಲ್ಲಿಯ ಮೂಲನಿವಾಸಿ ಅರಂಡ ಜನದವನು. ಅವನು ಪಳಗಿಸಿದ ಕುದುರೆಯ ಮೇಲೆ ಮಗುವನ್ನು ಕೂರಿಸಬಹುದಿತ್ತು. "ಇವಳಿಗೆ ಕಬ್ಬಿಣ ಬೇಡ ಮರ್ವ್. ಕಲ್ಲಿನ ಮೇಲೆ ಹುಟ್ಟಿದ ಕಾಲು" ಅಂದಿದ್ದ. ಕೆಲಸದ ಕುದುರೆಗೆಲ್ಲ ಲಾಳ ಇರಲೇಬೇಕು ಅನ್ನುವುದು ಸ್ಟೇಷನ್ನಿನ ಪದ್ಧತಿ. ಆ ವರ್ಷ ನೆರೆ ಬಂದು ದಾರಿ ಕಡಿದಿತ್ತು. ನಮ್ಮ ಹತ್ತಿರ ಉಳಿದ ಲಾಳದ ಡಬ್ಬಗಳೆಲ್ಲ ಒಂದೇ ಅಳತೆಯವು, ಸಣ್ಣವು. ಅವಳ ಪಾದ ಅಗಲ. ಗೊರಸಿಗೆ ತಕ್ಕಂತೆ ಲಾಳ ಬಡಿಯಬೇಕು, ಅದು ಯಾರಿಗೆ ಗೊತ್ತಿಲ್ಲ? ನಾನು ಲಾಳಕ್ಕೆ ತಕ್ಕಂತೆ ಗೊರಸನ್ನೇ ಅರದಿಂದ ಉಜ್ಜಿ ಸಣ್ಣದು ಮಾಡಿದೆ. ಹೊರಗಿಂದ ಚೆಂದ ಕಂಡಿತು. ದೊಡ್ಡ ಅಳತೆ ಬಂದ ಮೇಲೂ ಅದೇ ಸಣ್ಣದನ್ನೇ ಹೊಡೆದೆ.

ಕ್ವಾಂಡಾಂಗ್ ಮುಗ್ಗರಿಸತೊಡಗಿದಳು. ಇಳಿಜಾರಿನಲ್ಲಿ ಹೆಜ್ಜೆ ಕೀಳಲೊಲ್ಲಳು. ಮೇಲೆ ಕೂತ ನಾನು ಹಿಮ್ಮಡಿಯಿಂದ ತಿವಿದೆ. ಸ್ಟೇಷನ್ನಿನ ಬಾಸ್ ಒಂದು ದಿನ ಎಲ್ಲರ ಮುಂದೆ ಕೇಳಿದರು, "ಏನಾಗಿದೆಯೋ ಇದಕ್ಕೆ?"

"ಪಳಗಿಸಿದ್ದು ಸರಿಯಿಲ್ಲ ಬಾಸ್" ಅಂದೆ.

ಅಂಬ್ರೋಸ್ ಅಲ್ಲೇ ಇದ್ದ. ಬಾಸ್ ಅವನನ್ನು ಬೇಲಿ ಕೆಲಸಕ್ಕೆ ಹಾಕಿದರು. ವಾರ ಕಳೆಯಿತು, ಅವನು ಸ್ಟೇಷನ್ ಬಿಟ್ಟ. ಮಾತು ಅವನಿಗಿಂತ ಮುಂಚೆ ಊರೂರು ತಲುಪಿತು. ಆಮೇಲೆ ಯಾರೂ ಅವನ ಕೈಗೆ ಹೊಸ ಕುದುರೆ ಕೊಡಲಿಲ್ಲ.

ಬ್ರಯನಿ ಗರಗಸ ಆಡಿಸಿದಳು. ಗೊರಸು ಎರಡು ಹೋಳಾಯಿತು. ಬಹಳ ಹೊತ್ತು ನೋಡಿದಳು.

"ಹಿಮ್ಮಡಿ ಹೇಗೆ ಒಳಗೆ ಹಿಂಡಿಕೊಂಡಿದೆ ನೋಡಿ ಅಜ್ಜ. ಎಲುಬಿನ ಅಂಚು ಸವೆದುಹೋಗಿದೆ. ಪಾಪ, ಹೆಜ್ಜೆಹೆಜ್ಜೆಗೂ ನೋವು ತಿಂದಿದೆ."

"ಗೊರಸು ವರ್ಷಕ್ಕೊಮ್ಮೆ ಹೊಸದಾಗುತ್ತಲ್ಲಮ್ಮಾ."

"ಗೊರಸು ಆಗುತ್ತೆ. ಎಲುಬು ಆಗಲ್ಲ."

ಅವಳಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅಂಬ್ರೋಸ್ ಇನ್ನೂ ಇದಾರಾ?" ಅಂತಷ್ಟೇ ಕೇಳಿದಳು.

ಇದ್ದ. ಆಲಿಸ್ ಪಟ್ಟಣದಲ್ಲಿ, ಮುದುಕರ ಮನೆಯಲ್ಲಿ. ಮಾರನೆಯ ದಿನ ಅವಳ ಗಾಡಿಯಲ್ಲೇ ಹೋದೆವು. ಎರಡು ಹೋಳು ನನ್ನ ತೊಡೆಯ ಮೇಲಿದ್ದವು. ಅಂಬ್ರೋಸ್ ವರಾಂಡದಲ್ಲಿ ಬಿಸಿಲಿಗೆ ಕೂತಿದ್ದ. ಕಣ್ಣು ಎರಡೂ ಹೋಗಿದ್ದವು. ನಾನು ಹೆಸರು ಹಿಡಿದು ಕರೆದೆ.

"ಯಾರು, ಮರ್ವಾ? ಇನ್ನೂ ಸತ್ತಿಲ್ವೇನೋ?"

"ನೀನು ಮೊದ್ಲು ಹೋಗು ಅಂತ ಕಾಯ್ತಿದೀನಿ."

ನಕ್ಕ. ಬ್ರಯನಿಯನ್ನು, ಗೊರಸು ಅಳೆದು ಪುಸ್ತಕದಲ್ಲಿ ಬರೆಯುವವಳು ಅಂತ ಪರಿಚಯಿಸಿ, ನಾನು ಒಂದು ಹೋಳನ್ನು ಅವನ ಕೈಗಿಟ್ಟೆ. ಅವನ ಹೆಬ್ಬೆರಳು ಗೊರಸಿನ ಹೊರಮೈ ಮೇಲೆ ಹೋಯಿತು, ಹಿಮ್ಮಡಿಗೆ ಇಳಿಯಿತು, ಎಲುಬಿನ ಅಂಚಿಗೆ ಬಂದು ನಿಂತಿತು. ನಗು ಹೋಯಿತು.

"ಕೆಂಪಿ" ಅಂದ. ಕ್ವಾಂಡಾಂಗನ್ನು ಅವನು ಹಾಗೇ ಕರೆಯುತ್ತಿದ್ದ.

"ಹೌದು."

"ಇದನ್ನ ನಾನು ಅವಳ ನಡಿಗೇಲೇ ಕಂಡಿದ್ದೆ. ನಿಂಗೆ ಕೊಯ್ದು ನೋಡ್ಬೇಕಾಯ್ತಾ?"

"ತಪ್ಪು ನಂದು ಅಂಬ್ರೋಸ್."

"ಹೋಗಿ ಬಾಸ್‌ಗೆ ಹೇಳು."

"ಬಾಸ್ ಮಣ್ಣಾಗಿ ಇಪ್ಪತ್ತು ವರ್ಷ ಆಯ್ತಲ್ಲೋ."

"ಮತ್ತೆ ನಂಗ್ಯಾಕೆ ಹೇಳ್ತಿದೀಯ? ನಂಗೆ ಅವತ್ತೇ ಗೊತ್ತಿತ್ತು."

ಅವನು ಬ್ರಯನಿ ಕಡೆ ಮುಖ ತಿರುಗಿಸಿದ. "ನೀನು ಪುಸ್ತಕದಲ್ಲಿ ಬರ್ಕೋತೀಯಂತೆ ಮಗಳೇ. ಇದನ್ನೂ ಬರಿ. ಅವನೇ ಹೇಳ್ಲಿ."

ಹೇಳಿದೆ. ಕ್ವಾಂಡಾಂಗ್, ಕಲ್ಲುಗುಡ್ಡದ ಹೆಣ್ಣುಕುದುರೆ. ಪಳಗಿಸಿದವನು ಅಂಬ್ರೋಸ್, ಪಳಗಿಸಿದ್ದರಲ್ಲಿ ತಪ್ಪಿಲ್ಲ. ಸಣ್ಣ ಲಾಳ ಹೊಡೆದು ಕಾಲು ಕೆಡಿಸಿದವನು ಮರ್ವ್. ಅಂಬ್ರೋಸ್ ಅದನ್ನು ಅವಳಿಂದ ಎರಡು ಸಲ ಓದಿಸಿಕೊಂಡ. "ಟೀ ಕುಡ್ಕೊಂಡು ಹೋಗು ಮಗಳೇ" ಅಂದ. ನನಗೆ ಅನ್ನಲಿಲ್ಲ. ಹೋಳನ್ನು ತೊಡೆಯ ಮೇಲೇ ಇಟ್ಟುಕೊಂಡ, ವಾಪಸ್ ಕೊಡಲಿಲ್ಲ. ಇನ್ನೊಂದನ್ನು ಬ್ರಯನಿ ತನ್ನ ಪೆಟ್ಟಿಗೆಗೆ ಹಾಕಿಕೊಂಡಳು. ಈಗ ಗಾಳಿ ಬಂದರೆ ನನ್ನ ಬಾಗಿಲು ನಿಲ್ಲುವುದಿಲ್ಲ, ಬಡಿದುಕೊಳ್ಳುತ್ತದೆ. ಕಲ್ಲೊಂದನ್ನು ತಂದಿಡಬಹುದು. ಇಟ್ಟಿಲ್ಲ.

ಬ್ರಯನಿ ಹೋದದ್ದು ಗುರುವಾರ. ಅಂಬ್ರೋಸ್ ಸ್ಟೇಷನ್ ಬಿಟ್ಟು ಹೋದದ್ದು ನಲವತ್ತೈದು ವರ್ಷದ ಹಿಂದೆ, ಹೆಗಲ ಮೇಲೆ ಜೀನು ಹೊತ್ತುಕೊಂಡು, ಟಪಾಲು ಲಾರಿಯಲ್ಲಿ. ಲಾರಿ ದೊಡ್ಡಿಯ ಪಕ್ಕದಲ್ಲೇ ಹಾದುಹೋಯಿತು. ನಾನು ಕ್ವಾಂಡಾಂಗಿನ ಎಡಗಾಲನ್ನು ಮೊಣಕಾಲ ಸಂದಿಯಲ್ಲಿ ಹಿಡಿದುಕೊಂಡು ಮೊಳೆ ಹೊಡೆಯುತ್ತಿದ್ದೆ, ತಲೆ ಎತ್ತಲಿಲ್ಲ. ಅವತ್ತು ಮಂಗಳವಾರ.