ರಟ್ಟಿನ ಗೋಡೆಯ ಹಿಂದೆ

ಚಿಪ್ಸ್ ತಿಂದ ಬೆರಳು ನೆಕ್ಕುವುದು, ಅದೇ ಬೆರಳಲ್ಲಿ ದಾಳ ಉರುಳಿಸುವುದು, ಮತ್ತೆ ನೆಕ್ಕುವುದು. ಇಪ್ಪತ್ತು ಮುಖದ ಆ ದಾಳಕ್ಕೆಲ್ಲ ಎಣ್ಣೆ ಮೆತ್ತಿತ್ತು. ಇಡೀ ದಿನ ಹಲ್ಲಿನ ಡಾಕ್ಟರ ಪಕ್ಕ ನಿಂತು ಕಂಡಕಂಡವರ ಎಂಜಲು ಒರೆಸಿ ಬಂದ ಹೆಂಡತಿಗೆ, ಮನೆಯಲ್ಲಿ ಗಂಡನ ಎಂಜಲು ನೋಡಿ ವಾಕರಿಕೆ ಬಂತು. ಹೇಳಿದರೆ ಕೇಳುವ ಆಸಾಮಿಯೇ? ಸ್ಕೂಲಿನಲ್ಲಿ ಆಟದ ಮೇಷ್ಟ್ರು. ಮನೆಯಲ್ಲೂ ಅವನದೇ ಸೀಟಿ.

ಆಟ ಇಷ್ಟೇ: ಅಪ್ಪ ಕಥೆ ಹೇಳಬೇಕು, ಆರು ವರ್ಷದ ಚೂಟಿ ಅದರೊಳಗೆ ರಾಣಿಯಾಗಿ ಓಡಾಡಬೇಕು, ಗಂಡಾಂತರ ಬಂದಾಗ ದಾಳ ಹಾಕಬೇಕು. ದೊಡ್ಡ ಸಂಖ್ಯೆ ಬಿದ್ದರೆ ಬಚಾವ್, ಸಣ್ಣದು ಬಿದ್ದರೆ ಗೋವಿಂದ. ಮಿಕ್ಕವರೆಲ್ಲರ ಪರವಾಗಿ ಅಪ್ಪನೇ ದಾಳ ಹಾಕುವುದು, ಅದೂ ಎದುರಿಗೆ ನಿಲ್ಲಿಸಿಕೊಂಡ ಪುಟ್ಟ ರಟ್ಟಿನ ಗೋಡೆಯೊಂದರ ಹಿಂದೆ. ಚೂಟಿಯದು ಎಲ್ಲ ಬಯಲಲ್ಲೇ. "ಅಪ್ಪಾ, ನಂಗೆ ಬರೀ ಒಂದು ಬಿತ್ತು!" ಎಂದು ತನ್ನ ಸೋಲನ್ನೂ ಅವನ ಮೂಗಿನ ಹತ್ತಿರ ಹಿಡಿದು ತೋರಿಸುವ ಪೆದ್ದು, ಬಂಗಾರದಂಥ ಪೆದ್ದು.

ಕಥೆಯ ಕಾಡಿನಲ್ಲಿ ಅವಳಿಗೊಂದು ಮಾತಾಡುವ ಕಪ್ಪೆ ಸಿಕ್ಕಿತ್ತು. ಹೆಸರು ಕಪ್ಪಣ್ಣ. ಅವನು ಮಲಗಲಿ ಅಂತ ಮಂಚದ ಕೆಳಗೆ ಹತ್ತಿ ಹಾಸಿದ ಸೋಪಿನ ಡಬ್ಬಿ ಬೇರೆ ಇಟ್ಟಿದ್ದಳು. ಅಪ್ಪನಿಗೂ ಒಬ್ಬನಿದ್ದ: ಕಾಲೇಜು ದಿನಗಳಿಂದ ಇಂಥ ಆಟಗಳಲ್ಲೆಲ್ಲ ತನ್ನ ಪಾತ್ರವಾಗಿ ಆಡಿಸಿಕೊಂಡು ಬಂದ ಕರಿಗತ್ತಿಯ ವೀರ. ಮಗಳ ಆಟದೊಳಕ್ಕೂ ಅವನನ್ನು ತುರುಕಿದ್ದ, ನಾಚಿಕೆಗೆಟ್ಟವನು.

ಈಗ ಗುಹೆಯಲ್ಲಿ ರಾಕ್ಷಸ ಗದೆ ಎತ್ತಿದ್ದ. "ಹತ್ತರ ಮೇಲೆ ಬಿದ್ರೆ ವೀರ ತಪ್ಪಿಸ್ಕೊತಾನೆ, ಏಟು ಕಪ್ಪೆಗೆ. ಕಮ್ಮಿ ಬಿದ್ರೆ ವೀರನೇ ಸಾಯ್ತಾನೆ," ಎಂದು ಅಪ್ಪ ದಾಳ ಉರುಳಿಸಿದ. ನೀರಿನ ಲೋಟ ಹಿಡಿದು ಅವನ ಬೆನ್ನ ಹಿಂದೆಯೇ ನಿಂತಿದ್ದ ಹೆಂಡತಿಗೆ ಕಂಡಿತು. ಮೂರು.

"ಹದಿನೆಂಟು!" ಎಂದು ಕೂಗಿದ. ಹಿಂತಿರುಗಿ ಹೆಂಡತಿಗೆ ಕಣ್ಣು ಹೊಡೆದ.

ಚೂಟಿ ಅಳು ಶುರುಮಾಡಿದಳು. "ಕಪ್ಪಣ್ಣ ಸತ್ತೋದ್ನಾ?"

"ದಾಳ ಹೇಳಿದ್ಮೇಲೆ ಮುಗೀತು ಪುಟ್ಟಾ. ರೂಲ್ಸ್ ಅಂದ್ರೆ ರೂಲ್ಸ್."

ಥೂ! ಹೆಂಡತಿ ಅವನ ತೋಳು ಹಿಡಿದು ದರದರ ಅಡುಗೆಮನೆಗೆ ಎಳೆದಳು.

"ಬಿದ್ದಿದ್ದು ಮೂರು. ಅಸಹ್ಯ ಆಗಲ್ವೇನ್ರೀ ನಿಮಗೆ?"

"ಮೆಲ್ಲಗೆ ಕಣೇ. ಕಥೆ ಹೇಳೋನು ಮುಚ್ಚಿಟ್ಟು ದಾಳ ಹಾಕೋದು ಈ ಆಟದ ಪದ್ಧತಿ. ಒಂಚೂರು ಹೆಚ್ಚುಕಮ್ಮಿ ಮಾಡ್ಬಹುದು."

"ಮಗು ಗೆಲ್ಲಲಿ ಅಂತ ಮಾಡ್ಬೇಕಪ್ಪ ಅದನ್ನ! ನೀವು ಮಗು ಹೊಟ್ಟೆ ಉರಿಸಿದ್ರಿ, ಇಲ್ಲದೇ ಇರೋ ಒಬ್ಬ ವೀರನಿಗೋಸ್ಕರ!"

"ಎಷ್ಟು ವರ್ಷದಿಂದ ಉಳಿಸ್ಕೊಂಡು ಬಂದಿದೀನಿ ಗೊತ್ತಾ ಅವನನ್ನ..." ಗಂಡನ ಕಣ್ಣಲ್ಲಿ ನೀರು ಬೇರೆ. ಅವಳಿಗೆ ಮೈಯೆಲ್ಲ ಹೇಸಿಗೆಯಾಯಿತು.

"ಸಾಕು ನಿಲ್ಸಿ. ಆ ಮಗುಗೆ ಸುಳ್ಳು ಅಂದ್ರೆ ಏನು ಅಂತ್ಲೇ ಗೊತ್ತಿಲ್ಲ. ಹೋಗಿ ನಿಜ ಹೇಳಿ, ಇಲ್ಲಾಂದ್ರೆ ನಾನೇ ಹೇಳ್ತೀನಿ."

ಗೊಣಗುತ್ತ ಬಂದ. ಅಷ್ಟರಲ್ಲಿ ಚೂಟಿ ಅಳು ನಿಲ್ಲಿಸಿ, ತನ್ನ ಚಿತ್ರದ ಪುಸ್ತಕವನ್ನು ಅಡ್ಡ ನಿಲ್ಲಿಸಿಕೊಂಡು, ಅದರ ಹಿಂದೆ ದಾಳ ಉರುಳಿಸುತ್ತಿದ್ದಳು.

"ಇಪ್ಪತ್ತು! ಕಪ್ಪಣ್ಣ ಎದ್ದು ಬಂದ. ರಾಕ್ಷಸ ನಿನ್ನ ವೀರನ್ನ ನುಂಗ್ಬಿಟ್ಟ."

"ಎಲ್ಲಿ, ತೋರ್ಸು?"

"ನೀನು ತೋರ್ಸಿದ್ಯಾ?"

ಅಪ್ಪನ ಮುಖ ಹುಳ್ಳಗಾಯಿತು. ಅಮ್ಮನಿಗೆ ತಡೆಯಲಾಗದ ನಗು. ಸರಿಯಾಗೇ ಕೊಟ್ಟೆ ಕಣೇ ಎನ್ನುತ್ತ ಮಗಳನ್ನು ಹಿಂದಿನಿಂದ ತಬ್ಬಿಕೊಳ್ಳಲು ಬಗ್ಗಿದಳು. ಪುಸ್ತಕದ ಹಿಂದೆ ದಾಳದ ಮೇಲೆ ಎರಡು ಬಿದ್ದಿತ್ತು.

ಚೂಟಿ ತಲೆಯೆತ್ತಿ ಅಮ್ಮನನ್ನು ನೋಡಿದಳು. ಅಪ್ಪನ ಹಾಗೆ ಒಂದೇ ಕಣ್ಣು ಹೊಡೆಯಲು ಅವಳಿಗೆ ಇನ್ನೂ ಬರುತ್ತಿರಲಿಲ್ಲ. ಎರಡನ್ನೂ ಗಟ್ಟಿಯಾಗಿ ಮುಚ್ಚಿ ತೆರೆದಳು.